ಬೆಲ್ಲ ಎಳೆಯೋ ಟ್ರ್ಯಾಕ್ಟರೂ, ಥರ್ಮಾಕೋಲ್ ಪ್ರೈಜೂ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಾಚಕರ ಪತ್ರದ ಕಾಲಂನಲ್ಲಿ ಒಬ್ಬರು ಬರೆದಿದ್ರು, ಈ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸೋ ಆಟದ ಸಾಮಾನೆಲ್ಲ ದುಡ್ಡಿರೋರ ಶೋಕಿ, ಬುಕ್‌ಲೆಟ್ ನೋಡ್ಕೊಂಡು ಒಂದರ ಮೇಲೊಂದು ಸಿಕ್ಕಿಸಿದ್ರೆ ಮಕ್ಕಳು ಕಲಿಯೋದು ಮಣ್ಣಂಗಟ್ಟಿ, ನಮ್ ಕಾಲದಲ್ಲಿ ಹವಾಯಿ ಚಪ್ಪಲಿ ಕತ್ತರಿಸಿ ಚಕ್ರ ಮಾಡ್ಕೊಂಡು ಗಾಡಿ ಓಡಿಸ್ತಿದ್ವಿ ಅಂತೆಲ್ಲ. ಓದಿ ಅರ್ಧ ಸರಿ ಅನ್ನಿಸ್ತು, ಇನ್ನರ್ಧಕ್ಕೆ ಮೈ ಉರೀತು, ಅದಕ್ಕೇ ಗ್ಯಾರೇಜ್ ಬಾಗ್ಲು ಹಾಕಿದ್ಮೇಲೆ ಕೂತ್ಕೊಂಡು ಮೊಬೈಲಲ್ಲೇ ಇದನ್ನ ಟೈಪ್ ಮಾಡ್ತಿದೀನಿ. ಉದ್ದ ಆದ್ರೆ ಕತ್ತರಿಸ್ಕೊಳಿ ಸಾರ್, ಡಿಫರೆನ್ಶಿಯಲ್, ಅಂದ್ರೆ ತಿರುವಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಡಬ್ಬಿ, ಅದರ ವಿಷ್ಯ ಒಂದು ಮಾತ್ರ ಕತ್ತರಿಸ್ಬೇಡಿ.

ನಾನು ಮಂಡ್ಯ ಜಿಲ್ಲೇಲಿ ಟ್ರ್ಯಾಕ್ಟರ್ ರಿಪೇರಿ ಮಾಡೋನು. ಐಟಿಐ ಮುಗಿಸಿ ಈ ಕೆಲ್ಸಕ್ಕೆ ಬಿದ್ದು ಇಪ್ಪತ್ತೆರಡು ವರ್ಷ ಆಯ್ತು, ಕಬ್ಬು ಕಟಾವು ಶುರುವಾಯ್ತು ಅಂದ್ರೆ ಕ್ಲಚ್ ಪ್ಲೇಟು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಇಷ್ಟರಲ್ಲೇ ಹಗಲು ರಾತ್ರಿ. ಚಿಕ್ಕೋನಿದ್ದಾಗ ನಾನೂ ಹಲಗೆಗೆ ಹಳೇ ಬೇರಿಂಗ್ ಹೊಡೆದು ಗಾಡಿ ಮಾಡಿ ಇಳಿಜಾರಲ್ಲಿ ಬಿಟ್ಟು ಮೊಣಕಾಲು ಕಿತ್ಕೊಂಡೋನೇ, ಹಂಗಾಗಿ ಚಪ್ಪಲಿ ಚಕ್ರದ ಬಗ್ಗೆ ನಂಗೇನೂ ತಕರಾರಿಲ್ಲ.

ನನ್ ಮಗಳು ಆರನೇ ಕ್ಲಾಸು. ಬೆಂಗಳೂರಲ್ಲಿರೋ ನನ್ ಭಾಮೈದ ಮನೆ ಶಿಫ್ಟ್ ಮಾಡ್ವಾಗ, ಮಗ ದೊಡ್ಡೋನಾದ ಇನ್ ಇದನ್ನ ಯಾರು ಆಡ್ತಾರೆ ಅಂತ, ಒಂದು ಅಕ್ಕಿ ಚೀಲದಲ್ಲಿ ಲೆಗೋ ಅನ್ನೋ ಕಂಪ್ನೀದು ಈ ಜೋಡಿಸೋ ಪೀಸೆಲ್ಲ ತುಂಬ್ಕೊಂಡು ತಂದ್ಕೊಟ್ಟ. ಬಾಕ್ಸ್ ಇಲ್ಲ, ಬುಕ್‌ಲೆಟ್ ಒಂದೂ ಇಲ್ಲ, ಇಟ್ಟಿಗೆ, ತೂತಿರೋ ಪಟ್ಟಿ, ಹಲ್ಲಿನ ಚಕ್ರ, ಕಡ್ಡಿ, ಒಂದು ಮೋಟ್ರು, ಆರು ಸೆಲ್ ಹಾಕೋ ಡಬ್ಬಿ ಎಲ್ಲಾ ಒಂದೇ ಚೀಲದಲ್ಲಿ ಉಪ್ಪಿಟ್ಟು. ಈಗ ಯೋಚ್ನೆ ಮಾಡಿದ್ರೆ ಆ ಬುಕ್‌ಲೆಟ್ ಇಲ್ದೇ ಇದ್ದಿದ್ದೇ ಒಳ್ಳೇದಾಯ್ತು. ಆ ಪತ್ರ ಬರೆದೋರ ಮಾತು ಅರ್ಧ ಸರಿ ಅಂದಿದ್ದು ಇದಕ್ಕೇ, ಪುಟ ತಿರುವ್ಕೊಂಡು ಒಂದೊಂದೇ ಸಿಕ್ಕಿಸೋದು ಅಡುಗೆ ವಿಡಿಯೋ ನೋಡ್ಕೊಂಡು ಸಾರು ಮಾಡ್ದಂಗೆ, ಸಾರೇನೋ ಆಗುತ್ತೆ, ಹುಣಸೆ ಜಾಸ್ತಿ ಆದ್ರೆ ಏನ್ ಮಾಡ್ಬೇಕು ಅಂತ ಗೊತ್ತಾಗಲ್ಲ.

ಇವಳಿಗೆ ಟ್ರ್ಯಾಕ್ಟರ್ ಬೇಕು, ಬೇರೇನೂ ಬೇಡ, ಅಪ್ಪನ ಗ್ಯಾರೇಜಲ್ಲಿ ದಿನಾ ನೋಡೋದು ಅದೇ ಅಲ್ವಾ. ಮೊದಲ್ನೇದು ಒಂದೇ ಸಂಜೇಲಿ ಮಾಡಿದ್ಲು. ಮೋಟ್ರು ಶಾಫ್ಟನ್ನೇ ಸೀದಾ ಹಿಂದಿನ ಚಕ್ರಕ್ಕೆ ಕೊಟ್ಟಿದ್ಲು. ರೆಡ್ ಆಕ್ಸೈಡ್ ನೆಲದ ಮೇಲೆ ಬಿಟ್ರೆ ಜುಯ್ ಅಂತ ಓಡ್ತು, ಚಾಪೆ ಅಂಚು ಬಂತು, ನಿಂತ್ಬಿಡ್ತು. ಕೈಯಲ್ಲಿ ಸ್ವಲ್ಪ ನೂಕಿದ್ರೆ ಹೋಗುತ್ತೆ, ಬಿಟ್ರೆ ನಿಲ್ಲುತ್ತೆ. 'ಅಪ್ಪಾ ಸೆಲ್ ವೀಕು' ಅಂದ್ಲು. ನಾನು ಏನೂ ಹೇಳ್ಲಿಲ್ಲ, ಹೊಸ ಸೆಲ್ ತಂದ್ಕೊಟ್ಟೆ, ಆಗ್ಲೂ ಚಾಪೆ ಹತ್ರ ಅದೇ ಕಥೆ. ಹೊರಗಡೆ ಕಬ್ಬಿನ ಲೋಡು ಹೋಗ್ತಿತ್ತು, ಎರಡು ಟ್ರೈಲರ್ ಹಾಕ್ಕೊಂಡು ಏರು ಹತ್ತೋದು, ಅದನ್ನ ತೋರಿಸಿ ಡ್ರೈವರ್ ಯಾವ ಗೇರಲ್ಲಿ ಹೋಗ್ತಿದಾನೆ ಕೇಳ್ಸ್ಕೋ ಅಂದೆ, ಅಷ್ಟೇ. ಇಂಜಿನ್ ಕಿರುಚ್ತಿದೆ, ಗಾಡಿ ಆಮೆ ಥರ ಹೋಗ್ತಿದೆ. ಅವತ್ತು ರಾತ್ರಿ ಚೀಲ ಮಗುಚಿ ಹಲ್ಲಿನ ಚಕ್ರ ಎಲ್ಲಾ ಬೇರೆ ಮಾಡ್ಕೊಂಡು ಹಲ್ಲು ಎಣಿಸೋಕೆ ಕೂತ್ಲು. 8, 16, 24, 40.

ನಾನು ಸುಮ್ನೆ ಇರ್ಲಾರದೆ ಗ್ಯಾರೇಜಿಂದ ಸಣ್ಣ ಅಳತೆ ತೆಗೆಯೋ ವರ್ನಿಯರ್ ತಂದೆ. ಇಲ್ಲಿಂದ ನಂಗೂ ಹುಚ್ಚು ಹಿಡೀತು ಅನ್ನಿ. ಪಟ್ಟೀಲಿ ತೂತಿಂದ ತೂತಿಗೆ 8 ಮಿಲಿಮೀಟ್ರು, ಎಲ್ಲಿ ಅಳೆದ್ರೂ 8, ಒಂದು ಕೂದ್ಲೆಳೆ ಆಚೆ ಈಚೆ ಇಲ್ಲ. 24 ಹಲ್ಲಿನ ಚಕ್ರಕ್ಕೆ ಹಲ್ಲು ಕಚ್ಚೋ ಲೆಕ್ಕದಲ್ಲಿ ವ್ಯಾಸ 24 ಮಿಲಿಮೀಟ್ರು, 8 ಹಲ್ಲಿನದಕ್ಕೆ 8, ಅಂದ್ರೆ ಹಲ್ಲು ಎಷ್ಟೋ ಮಿಲಿಮೀಟ್ರೂ ಅಷ್ಟೇ, ನಮ್ ಲೇತ್ ಅಂಗಡಿಯೋರು ಇದನ್ನ ಮಾಡ್ಯೂಲ್ ಒಂದು ಅಂತಾರೆ. ಕಚ್ಕೊಂಡಿರೋ ಎರಡು ಚಕ್ರದ ಕಡ್ಡಿಗಳ ಮಧ್ಯದ ದೂರಕ್ಕೆ ಎರಡರ ಅರ್ಧರ್ಧ ಸೇರಿಸಿದ್ರೆ 12 ಮತ್ತೆ 4, ಹದಿನಾರು, ಅಂದ್ರೆ ಸರಿಯಾಗಿ ಎರಡು ತೂತಿನ ದೂರ! 8 ಮತ್ತೆ 40 ಹಾಕಿದ್ರೆ 24, ಮೂರು ತೂತು. 16 ಮತ್ತೆ 24 ಹಾಕೋಕೆ ಹೋದ್ರೆ 20 ಬರುತ್ತೆ, ಎರಡೂವರೆ ತೂತು, ಅದು ಒಂದೇ ಪಟ್ಟೀಲಿ ಕೂರಲ್ಲ. ಇದನ್ನ ಅವಳು ನನಗಿಂತ ಮುಂಚೇನೇ ಕೈಯಲ್ಲಿ ಕಂಡ್ಕೊಂಡಿದ್ಲು, 'ಇವೆರಡು ಜಗಳ ಆಡ್ತವೆ ಅಪ್ಪಾ' ಅಂತಿದ್ಲು, ಯಾಕೆ ಅಂತ ಮಾತ್ರ ಗೊತ್ತಿರ್ಲಿಲ್ಲ. ವರ್ನಿಯರ್ ಇಟ್ಟು ತೋರಿಸಿದ ಆ ಹೊತ್ತಿಗೆ ಅವಳ ಮುಖ ನೋಡ್ಬೇಕಿತ್ತು ನೀವು.

ಆಮೇಲೆ ಅವಳು ಕೂರಿಸಿದ್ದು ಹಿಂಗೆ, ಮೋಟ್ರು ಮೇಲೆ 8 ಹಲ್ಲು, ಅದು 24ನ್ನ ತಿರುಗಿಸುತ್ತೆ, ಮೂರು ಸುತ್ತಿಗೆ ಒಂದು ಸುತ್ತು. ಆ 24ರ ಶಾಫ್ಟಲ್ಲೇ ಇನ್ನೊಂದು 8, ಅದು ಡಿಫರೆನ್ಶಿಯಲ್ ಡಬ್ಬಿ ಮೇಲಿರೋ 24ಕ್ಕೆ ಕಚ್ಚುತ್ತೆ, ಮತ್ತೆ ಮೂರಕ್ಕೊಂದು. ಒಟ್ಟು ಒಂಬತ್ತಕ್ಕೆ ಒಂದು. ಇದನ್ನ ಮಗ್ಗಿ ಪುಸ್ತಕದಲ್ಲಿ ಮೂರು ಮೂರ್ಲಿ ಒಂಬತ್ತು ಅಂತ ಎಷ್ಟೋ ಸಲ ಹೇಳಿರ್ತೀವಿ, ಅದು ಬೆರಳಿಗೆ ತಾಕೋದು ಹಿಂಗೆ, ಹಿಂದಿನ ಚಕ್ರನ ಬೆರಳಲ್ಲಿ ಹಿಡಿದು ನಿಲ್ಲಿಸೋಕೆ ಹೋದ್ರೆ ಮೊದ್ಲು ಸುಲಭಕ್ಕೆ ನಿಲ್ತಿದ್ದಿದ್ದು ಈಗ ಬೆರಳನ್ನೇ ಎಳ್ಕೊಂಡು ಹೋಗುತ್ತೆ. ಟೈರ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಣಿಸಿದ್ವಿ, ನಿಮಿಷಕ್ಕೆ 34 ಸುತ್ತು. ಚಾರ್ಜ್ ಮಾಡೋ ಸೆಲ್ ಹಾಕಿದ್ವಿ ಅದಕ್ಕೆ ಸ್ವಲ್ಪ ನಿಧಾನ, ಮಾಮೂಲಿ ಸೆಲ್ ಒಂದಕ್ಕೆ 1.5 ವೋಲ್ಟ್ ಆದ್ರೆ ಅದು 1.2, ಆರಕ್ಕೆ 9 ಬರೋ ಕಡೆ 7.2 ಬರುತ್ತೆ.

ಇಲ್ಲೊಂದು ತೊಂದ್ರೆ ಆಯ್ತು, ಈ ತೊಂದ್ರೆಗೋಸ್ಕರವೇ ನಾನು ಈ ಪತ್ರ ಬರೀತಿರೋದು ಅಂದ್ರೂ ತಪ್ಪಿಲ್ಲ. ಸಣ್ಣ ಟ್ರೈಲರ್ ಒಂದು ಮಾಡಿ ಅದರ ಮೇಲೆ ಒಂದು ಕೆಜಿ ಬೆಲ್ಲದ ಅಚ್ಚು ಹೇರಿದ್ಲು. ಸ್ವಿಚ್ ಹಾಕಿದ್ರೆ ಟಕ್ ಟಕ್ ಟಕ್ ಅಂತ ಸದ್ದು, ಚಕ್ರ ತಿರುಗ್ತಿಲ್ಲ. ಆ ಸದ್ದು ಕೇಳಿದ್ರೆ ನಂಗೆ ನಿದ್ದೇಲೂ ಎಚ್ಚರ ಆಗುತ್ತೆ, ಹಲ್ಲು ಜಾರೋ ಸದ್ದು ಅದು. ಲೋಡು ಬಿದ್ದಾಗ ಎರಡು ಹಲ್ಲಿನ ಚಕ್ರ ಒಂದನ್ನೊಂದು ದೂರ ನೂಕುತ್ತವೆ, ಶಾಫ್ಟ್ ಒಂದೇ ಕಡೆ ಹಿಡ್ಕೊಂಡಿದ್ರೆ ಬಾಗುತ್ತೆ, ಹಲ್ಲು ಹಾರುತ್ತೆ. ದೊಡ್ಡ ಟ್ರ್ಯಾಕ್ಟರಲ್ಲಿ ಹೌಸಿಂಗ್, ಅಂದ್ರೆ ಗೇರಿನ ಹೊರಡಬ್ಬಿ, ಅಷ್ಟು ದಪ್ಪ ಕಬ್ಬಿಣದಲ್ಲಿ ಎರಕ ಹೊಯ್ಯೋದು ಬರೀ ಧೂಳು ತಡೆಯೋಕಲ್ಲ. ಅವಳಿಗೆ ಇಷ್ಟೇ ಹೇಳಿದೆ, ಎರಡೂ ಕಡೆ ಹಿಡ್ಕೋ ಅಂತ. ಎರಡೂ ಕಡೆ ಇಟ್ಟಿಗೆ ಪೇರಿಸಿ ಮೇಲಿಂದ ಕೆಳಗೆ ಒಂದು ಪಟ್ಟಿ ಬಿಗಿಯೋಕೆ ಹೋದ್ಲು ನೋಡಿ, ತೂತೇ ಕೂಡ್ತಿಲ್ಲ. ಮತ್ತೆ ವರ್ನಿಯರು. ಇಟ್ಟಿಗೆ ಅಗಲ 8 ಆದ್ರೆ ಎತ್ತರ 9.6, ತೆಳು ಹಲಗೆ ಥರದ್ದು 3.2, ಅಂದ್ರೆ ಮೂರು ಹಲಗೆ ಒಂದು ಇಟ್ಟಿಗೆ. ಅಡ್ಡ ಲೆಕ್ಕ ಬೇರೆ, ಉದ್ದ ಲೆಕ್ಕ ಬೇರೆ! ಎರಡು ದಿನ ಒದ್ದಾಡಿದ್ಲು, ಸ್ಕೂಲ್ ನೋಟ್‌ಬುಕ್ ಹಿಂದಿನ ಪುಟದಲ್ಲೆಲ್ಲ ಕೂಡಿದ್ದೇ ಕೂಡಿದ್ದು, ಕೊನೆಗೆ ತೂತಿರೋ ಎರಡು ಇಟ್ಟಿಗೆ ಮಧ್ಯೆ ಎರಡು ಹಲಗೆ ಇಟ್ರೆ 9.6 ಮತ್ತೆ 6.4, ಸರಿಯಾಗಿ 16, ಅಂದ್ರೆ ಎರಡು ತೂತು ಅಂತ ಕಂಡ್ಕೊಂಡ್ಲು. ಮೊಳೆ ಹೊಡ್ದಂಗೆ ಕೂತ್ಕೊಂತು. ದಶಮಾಂಶದ ಪರೀಕ್ಷೇಲಿ ಈ ಹುಡುಗಿಗೆ ಹತ್ತಕ್ಕೆ ನಾಲ್ಕು ಬಂದಿತ್ತು ಅಂದ್ರೆ ನಂಬ್ತೀರಾ.

ಹಲ್ಲು ಜಾರೋದು ನಿಂತ್ಮೇಲೆ ಮೂತಿ ಏಳೋಕೆ ಶುರುವಾಯ್ತು. ಬೆಲ್ಲದ ಲೋಡು ಹಾಕ್ಕೊಂಡು ಮಣೆ ಮೇಲೆ ಹತ್ತಿಸಿದ್ರೆ ಮುಂದಿನ ಚಕ್ರ ಗಾಳೀಲಿ. ನಮ್ ಕಡೆ ಕಬ್ಬಿನ ಲೋಡಲ್ಲಿ ಹಿಂಗೆ ಮೂತಿ ಎತ್ಕೊಂಡು ಹೋಗೋ ಟ್ರ್ಯಾಕ್ಟರ್ ನೋಡ್ದೋರು ಯಾರಿದಾರೆ, ಜನ ನಿಂತ್ಕೊಂಡು ವಿಡಿಯೋ ಮಾಡ್ತಾರೆ, ಆದ್ರೆ ಅದು ಹಿಂದಕ್ಕೆ ಮಗುಚಿದ್ರೆ ಡ್ರೈವರ್ ಅಡಿಗೆ ಹೋಗ್ತಾನೆ. ಇವಳು ರೈತರು ಮಾಡೋದನ್ನ ನೋಡಿದ್ಲಲ್ಲ, ಮುಂದೆ ನಾಲ್ಕು ದಪ್ಪ ನಟ್ಟು ದಾರದಲ್ಲಿ ಕಟ್ಟಿದ್ಲು, ಪರವಾಗಿಲ್ಲ ಸ್ವಲ್ಪ ಕಮ್ಮಿ ಆಯ್ತು. ಆಮೇಲೆ ನಾನು ಟ್ರೈಲರ್ ಕೊಂಡಿ ಎಲ್ಲಿ ಹಾಕಿದೀಯ ನೋಡು ಅಂದೆ. ಹಿಂದಿನ ಆಕ್ಸಲ್‌ಗಿಂತ ಮೇಲೆ ಹಾಕಿದ್ಲು. ಎಳೆಯೋ ಜಾಗ ಎಷ್ಟು ಮೇಲಿದ್ರೆ ಅಷ್ಟು ಮೂತಿ ಏಳುತ್ತೆ, ಇದನ್ನ ನಾನು ಎಷ್ಟು ಜನ ರೈತರಿಗೆ ಹೇಳಿದೀನೋ ಲೆಕ್ಕ ಇಲ್ಲ, ಹಿಂದೆ ನೇಗಿಲು ಕಟ್ಟೋ ಮೇಲಿನ ಕೊಂಡಿ ಇದ್ಯಲ್ಲ, ಆ ಟಾಪ್ ಲಿಂಕ್ ತೂತಿಗೆ ಚೈನ್ ಕಟ್ಟಿ ಮರದ ಬೊಡ್ಡೆ ಎಳೀಬೇಡ್ರಪ್ಪಾ ಅಂತ, ತಲೆ ಆಡಿಸ್ತಾರೆ, ಆಚೆ ಹೋಗಿ ಅದೇ ಮಾಡ್ತಾರೆ. ಕೊಂಡಿ ಎರಡು ತೂತು ಕೆಳಗೆ ಇಳಿಸಿದ್ಲು, ಮೂತಿ ನೆಲಕ್ಕೆ ಕೂತ್ಕೊಂತು, ಬೆಲ್ಲ ಮಣೆ ಹತ್ತಿ ಆಚೆ ಇಳೀತು. ಈಗ ಗ್ಯಾರೇಜಿಗೆ ಬರೋ ರೈತರಿಗೆ ಬಾಯಲ್ಲಿ ಹೇಳಲ್ಲ, ಮೇಜಿನ ಮೇಲೆ ಇದನ್ನೇ ಓಡಿಸಿ ತೋರಿಸ್ತೀನಿ, ಒಂದ್ಸಲ ಮೇಲೆ ಕಟ್ಟಿ, ಒಂದ್ಸಲ ಕೆಳಗೆ ಕಟ್ಟಿ. 'ಅಯ್ಯೋ ಇದೇ ಅಲ್ವಾ ನಮ್ದೂ ಆಗ್ತಿರೋದು' ಅಂದ್ರು ಒಬ್ರು ಯಜಮಾನ್ರು, ಎಪ್ಪತ್ತು ವರ್ಷ ಇರ್ಬೇಕು ಅವರಿಗೆ.

ಇನ್ ಡಿಫರೆನ್ಶಿಯಲ್. ಐಟಿಐನಲ್ಲಿ ನಂಗೆ ಇದನ್ನ ಬೋರ್ಡ್ ಮೇಲೆ ಬರೆದು ಹೇಳ್ಕೊಟ್ಟಿದ್ರು, ಆಣೆ ಮಾಡಿ ಹೇಳ್ತೀನಿ ಆಗ ಅರ್ಥ ಆಗಿರ್ಲಿಲ್ಲ, ಬಿಚ್ಚಿ ಗ್ರೀಸ್ ಮೆತ್ಕೊಂಡ ಮೇಲೇನೇ ತಲೆಗೆ ಹೋಗಿದ್ದು. ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗ್ಬೇಕು, ಒಳಗಿನದ್ದು ಕಮ್ಮಿ, ಎರಡೂ ಒಂದೇ ಕಡ್ಡೀಗೆ ಬಿಗಿದ್ರೆ ಒಂದು ಉಜ್ಜಿಕೊಂಡೇ ಹೋಗ್ಬೇಕು. ಮಗಳು ಮಾಡಿದ್ರಲ್ಲಿ ಡಬ್ಬಿ ಪಾರದರ್ಶಕ ಅಲ್ಲದಿದ್ರೂ ಬದಿ ಎಲ್ಲಾ ತೆರೆದಿದೆ, ಒಳಗಿನ ಮೂರು ಪುಟಾಣಿ ಗೇರು ಕಣ್ಣಿಗೆ ಕಾಣುತ್ತೆ. ಮೋಟ್ರು ಓಡ್ತಿರ್ವಾಗ ಎಡಗಡೆ ಚಕ್ರ ಬೆರಳಲ್ಲಿ ಹಿಡೀರಿ, ಬಲಗಡೇದು ಡಬಲ್ ಸ್ಪೀಡಲ್ಲಿ ತಿರುಗುತ್ತೆ, ಸರಿಯಾಗಿ ಡಬಲ್ಲು, ಸೀಮೆಸುಣ್ಣದ ಗುರುತು ಎಣಿಸಿದ್ವಿ. ಗದ್ದೆ ಕೆಸರಲ್ಲಿ ಒಂದು ಚಕ್ರ ಹೂತ್ಕೊಂಡು ಗಿರಗಿರ ತಿರುಗ್ತಾ ಇನ್ನೊಂದು ಸುಮ್ನೆ ನಿಂತಿರುತ್ತಲ್ಲ, ಅದೇ ಇದು. ಆಗ ಎರಡು ಚಕ್ರನೂ ಒಟ್ಟಿಗೇ ತಿರುಗೋ ಹಂಗೆ ಬಿಗಿಯೋಕೆ ಡ್ರೈವರ್ ಕಾಲಲ್ಲಿ ಒತ್ತೋ ಡಿಫ್ ಲಾಕ್ ಪೆಡಲ್ ಯಾಕಿದೆ ಅಂತ ಆರನೇ ಕ್ಲಾಸಿನ ಹುಡುಗಿ ಈಗ ನಿಮ್ಗೆ ಹೇಳ್ತಾಳೆ.

ಇಷ್ಟಾದ್ಮೇಲೆ ಇವಳು ಅದನ್ನ ಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ತಗೊಂಡ್ಹೋದ್ಲು. ಬೆಲ್ಲ, ಮಣೆ ಎಲ್ಲಾ ಬ್ಯಾಗಲ್ಲಿ. ನೋಡೋಕೆ ಬಂದಿದ್ದ ತೀರ್ಪುಗಾರರು, ಯಾರು ಎಲ್ಲಿ ಅಂತ ಬೇಡ ಬಿಡಿ, 'ಇದು ಆಟದ ಸಾಮಾನಲ್ವೇನಮ್ಮ, ಚಾರ್ಟ್ ಎಲ್ಲಿ' ಅಂದ್ರಂತೆ. ಆನ್ ಮಾಡಿ ತೋರಿಸ್ತೀನಿ ಅಂದ್ರೆ ಟೈಮಿಲ್ಲ ಅಂದ್ರಂತೆ. ಫಸ್ಟ್ ಪ್ರೈಜ್ ಬಂದಿದ್ದು ಥರ್ಮಾಕೋಲಿನ ಸ್ಮಾರ್ಟ್ ಸಿಟಿಗೆ, ಅಂಗಡೀಲಿ ಆರ್ಡರ್ ಕೊಟ್ಟು ಮಾಡಿಸಿದ್ದು, ಬಣ್ಣದ ಲೈಟು ಮಿಣಮಿಣ ಅಂತಿತ್ತು, ಅದರಲ್ಲಿ ಇನ್ನೇನೂ ಅಲ್ಲಾಡ್ತಿರ್ಲಿಲ್ಲ. ಆ ಮಗೂದು ತಪ್ಪಿಲ್ಲ, ಅದರ ಅಪ್ಪ ಅಮ್ಮಂದೂ ದೊಡ್ಡ ತಪ್ಪಿಲ್ಲ, ಪ್ರೈಜ್ ಯಾವುದಕ್ಕೆ ಕೊಡ್ತಾರೋ ಅದನ್ನೇ ತಾನೇ ಜನ ಮಾಡಿಸೋದು. ಆದ್ರೂ ಸಾರ್, ವಸ್ತುಪ್ರದರ್ಶನ ಅಂದ್ಮೇಲೆ ಒಂದು ನಿಯಮ ಮಾಡಿ, ಗಾಡಿ ತಂದ್ರೆ ಓಡಿಸಿ ತೋರಿಸ್ಬೇಕು, ಲೋಡ್ ಹಾಕಿ ಓಡಿಸ್ಬೇಕು, ನಿಂತೋದ್ರೆ ಯಾಕೆ ನಿಂತ್ತು ಅಂತ ಮಗು ಹೇಳ್ಬೇಕು, ಸರಿಯಾಗಿ ಹೇಳಿದ್ರೆ ನಿಂತೋದ ಗಾಡೀಗೂ ಮಾರ್ಕ್ಸ್ ಕೊಡಿ. ನನ್ ಗ್ಯಾರೇಜಿಗೆ ಹುಡುಗನ್ನ ಕೆಲ್ಸಕ್ಕೆ ತಗೊಳ್ವಾಗ ನಾನು ಕೇಳೋದು ಇದೊಂದೇ.

ದುಡ್ಡಿನ ವಿಷ್ಯಕ್ಕೆ ಬರ್ತೀನಿ, ಆ ಪತ್ರದೋರು ಬೈದಿದ್ದು ಅದಕ್ಕೇ ತಾನೆ. ಹೌದು, ದುಬಾರಿ. ಹೊರಗಿಂದ ಬರೋ ಆಟಿಕೆ ಮೇಲೆ ನಮ್ ಸರ್ಕಾರ 2020ರಲ್ಲಿ ಕಸ್ಟಮ್ಸ್ ಸುಂಕನ 20 ಪರ್ಸೆಂಟಿಂದ 60ಕ್ಕೆ ಏರಿಸ್ತು, 2023ರಲ್ಲಿ 70 ಮಾಡ್ತು, ಹೊಸ ಬಾಕ್ಸ್ ತಗೊಳೋಕೆ ಹೋದ್ರೆ ನನ್ನಂಥೋನು ರೇಟ್ ನೋಡಿ ವಾಪಸ್ ಬರೋದೇ. ಆದ್ರೆ ಇಟ್ಟಿಗೆ ಅಂದ್ರೆ ಆ ಒಂದೇ ಕಂಪ್ನೀದು ಅಂತಿಲ್ಲ, 1958ರ ಜನವರಿ 28ನೇ ತಾರೀಖು ಡೆನ್ಮಾರ್ಕಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಆ ಇಟ್ಟಿಗೆ ವಿನ್ಯಾಸದ ಪೇಟೆಂಟ್ ಅವಧಿ ಯಾವತ್ತೋ ಮುಗಿದಿದೆ, ಅದಕ್ಕೆ ಕೂಡೋ ಇಟ್ಟಿಗೆ ಬೇರೆಯೋರೂ ಮಾಡ್ತಾರೆ. ತಗೊಳ್ವಾಗ ಐಎಸ್‌ಐ ಮಾರ್ಕ್ ನೋಡ್ಕೊಳಿ, 2021ರ ಜನವರಿಯಿಂದ ಆಟಿಕೆಗೆ ಅದು ಕಡ್ಡಾಯ. ಇಟ್ಟಿಗೆ ಸಡಿಲ ಇದ್ರೆ ಮನೆ ಕಟ್ಟೋಕೆ ಪರವಾಗಿಲ್ಲ, ಗೇರು ಹಾಕೋಕೆ ಮಾತ್ರ ಆಗಲ್ಲ, ಅನುಭವದ ಮಾತು. ಇಟ್ಟಿಗೆನೇ ಬೇಕು ಅಂತಾನೂ ಇಲ್ಲ, ನಾವು ಹುಡುಗ್ರಾಗಿದ್ದಾಗ ಮೆಕ್ಯಾನಿಕ್ಸ್ ಅಂತ ತಗಡಿನ ಪಟ್ಟಿ, ನಟ್ಟು ಬೋಲ್ಟಿನ ಸೆಟ್ ಇತ್ತಲ್ಲ, ಈಗ್ಲೂ ಇದೆ, ಅದರ ಮೂಲಪುರುಷ ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲೇ ಪೇಟೆಂಟ್ ತಗೊಂಡಿದ್ದ, ಅವನ ಲೆಕ್ಕ ತೂತಿಂದ ತೂತಿಗೆ ಅರ್ಧ ಇಂಚು.

ರಾತ್ರಿ ನಿದ್ದೆ ಬರ್ದೇ ಇದ್ದಾಗ ಈ ಲೆಗೋದೋರ ಕಥೆನೂ ಫೋನಲ್ಲಿ ಓದಿದೆ. ಬಿಲ್ಲುಂಡ್ ಅನ್ನೋ ಊರಿನ ಒಬ್ಬ ಬಡಗಿ, 1932ರಲ್ಲಿ ಶುರು ಮಾಡಿದ್ದು, ಮೊದ್ಲು ಮಾಡ್ತಿದ್ದಿದ್ದು ಮರದ ಗೊಂಬೆ, ಮರದ ಗಾಡಿ! ಅಲ್ಲ, ಮರದ ಆಟಿಕೆ ಅಂದ್ರೆ ನಮ್ ಪಕ್ಕದ ಚನ್ನಪಟ್ಟಣ, ಆಲೆ ಮರ ಲೇತಿಗೆ ಕೊಟ್ಟು ಅರಗು ಹಚ್ಚಿ ಎಷ್ಟು ನುಣುಪಾಗಿ ತಿರುಗಿಸ್ತಾರೆ ಅವರು, ಮರದಲ್ಲೇ ತೂತಿನ ಪಟ್ಟಿ, ಹಲ್ಲಿನ ಚಕ್ರ ಮಾಡೋ ಒಬ್ಬ ಪುಣ್ಯಾತ್ಮ ಅಲ್ಲಿ ಸಿಕ್ಕಿದ್ರೆ ಮೊದಲ ಸೆಟ್ ನಂದೇ. ತೂತಿನ ಪಟ್ಟಿ, ಗೇರು, ಕಡ್ಡಿ ಎಲ್ಲಾ ಒಟ್ಟಿಗಿರೋ ಈ ಥರ ಸೆಟ್ ಅವರು 1977ರಲ್ಲಿ ಬಿಟ್ಟಿದ್ದಂತೆ, ಟೆಕ್ನಿಕ್ ಅನ್ನೋ ಹೆಸರು ಆಮೇಲಿಂದು. ಇನ್ನೊಂದು ಓದಿ ನಗು ಬಂತು, ಎಣಿಕೆ ಲೆಕ್ಕದಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಟೈರ್ ಮಾಡೋ ಕಂಪ್ನಿ ಅಂತ ಗಿನ್ನೆಸ್‌ನೋರು ದಾಖಲೆ ಕೊಟ್ಟಿದ್ದು ಇವರಿಗೇನೇ, ವರ್ಷಕ್ಕೆ 30 ಕೋಟಿಗೂ ಮೇಲೆ. ಟ್ರ್ಯಾಕ್ಟರ್ ಟೈರ್ ಬೆಲೆ ಕೊಟ್ಟು ಸುಸ್ತಾದೋರಿಗೆ ಹೇಳ್ತಿರ್ತೀನಿ ಇದನ್ನ.

ನಂದೊಂದು ಕೇಳಿಕೆ. ನಮ್ ಗ್ರಾಮ ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿಟ್ಟಿದಾರಲ್ಲ, ಸಂಜೆ ಮಕ್ಕಳು ಬರ್ತಾರೆ, ಕಂಪ್ಯೂಟ್ರು, ಕೇರಂ ಬೋರ್ಡು ಎಲ್ಲಾ ಇರೋ ಕಡೆ ಇದೆ. ಅಲ್ಲಿ ಒಂದೊಂದು ಪೆಟ್ಟಿಗೆ ಇಡಿ, ಮನೆ ಕಟ್ಟೋ ಬಣ್ಣದ ಇಟ್ಟಿಗೆ ಅಲ್ಲ, ಗೇರು, ಪಟ್ಟಿ, ಕಡ್ಡಿ, ಒಂದು ಮೋಟ್ರು ಇರೋದು, ಜೊತೆಗೆ ಒಂದು ಅಗ್ಗದ ವರ್ನಿಯರ್ ಇರ್ಲಿ. ಬುಕ್‌ಲೆಟ್ ಇದ್ರೆ ಲೈಬ್ರೇರಿಯನ್ ಬೀರುವಲ್ಲಿ ಇಟ್ಕೊಳ್ಲಿ, ಒಂದು ತಿಂಗ್ಳು ಆದ್ಮೇಲೆ ಕೊಡ್ಲಿ. ನೀತಿ ಆಯೋಗದೋರು 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಅಂತ, ಮಕ್ಕಳೇ ಕೈಯಾರೆ ಸಾಮಾನು ಮಾಡಿ ಕಲಿಯೋ ಕೋಣೆಗೆ, ಒಂದೊಂದು ಶಾಲೆಗೆ 20 ಲಕ್ಷದವರೆಗೆ ಕೊಟ್ಟಿದಾರೆ, ಒಳ್ಳೇ ಕೆಲ್ಸ, ಆದ್ರೆ ನನಗೆ ಗೊತ್ತಿರೋ ಒಂದು ಕಡೆ ಆ ಲ್ಯಾಬಿಗೆ ಬೀಗ, ಸಾಮಾನು ಕಳೆದೋದ್ರೆ ಯಾರು ಜವಾಬ್ದಾರಿ ಅಂತ. ಕಳೀತವೆ ಸ್ವಾಮಿ! ಗೇರು ಅಂದ್ಮೇಲೆ ಕಳೆದೋಗ್ಲೇಬೇಕು, ಹಲ್ಲು ಮುರೀಲೇಬೇಕು, ನನ್ ಗ್ಯಾರೇಜಲ್ಲಿ ಎಷ್ಟು ಸ್ಪ್ಯಾನರ್ ಕಳೆದಿವೆ, ಅದಕ್ಕೆ ಬಾಗ್ಲು ಹಾಕ್ಕೊಂಡು ಕೂತ್ರೆ ಆಗುತ್ತಾ.

ಹವಾಯಿ ಚಪ್ಪಲಿ ಓದುಗರು ಮಂಡ್ಯ ಕಡೆ ಬಂದ್ರೆ ನಮ್ ಗ್ಯಾರೇಜಿಗೆ ಬನ್ನಿ, ಬೆಲ್ಲ ನಿಮ್ ಕೈಯಲ್ಲೇ ಹೇರಿ. ಈಗ ಇವಳು ಡಿಫ್ ಲಾಕ್ ಮಾಡ್ತಿದಾಳೆ. ಡಬ್ಬಿ ಮೇಲೆ 24 ಹಲ್ಲು ಇದ್ದೇ ಇದೆ, ಬಲಗಡೆ ಆಕ್ಸಲ್‌ಗೆ ಇನ್ನೊಂದು 24, ಪಕ್ಕದಲ್ಲಿ ಒಂದು ಕಡ್ಡಿ ಮೇಲೆ ಎರಡು 8 ಹಲ್ಲಿನವು, ಕಡ್ಡಿ ಜಾರಿಸಿದ್ರೆ ಎರಡೂ ಕಚ್ಕೊಂಡು ಡಬ್ಬಿ ಆಕ್ಸಲ್ಲು ಒಟ್ಟಿಗೇ ತಿರುಗ್ಬೇಕು, ಲಾಕು. ಪ್ಲಾನು ನೋಟ್‌ಬುಕ್ಕಲ್ಲಿ ಪಕ್ಕಾ ಇದೆ, ಆದ್ರೆ ಒಂದು 8 ಹಲ್ಲಿಂದು ಕಾಣಿಸ್ತಿಲ್ಲ, ಮೊನ್ನೆ ನಾನು ಗ್ರೀಸ್ ಡಬ್ಬಿ ಪಕ್ಕ ಇಟ್ಟು ಯಾರಿಗೋ ತೋರಿಸ್ತಿದ್ದೆ ಅಂತ ಅವಳ ದೂರು. ನಾಳೆ ಬೆಳಗ್ಗೆ ಮೊದ್ಲು ಆ ಡಬ್ಬಿ ಸುರಿದು ನೋಡ್ಬೇಕು.

ಇಂತಿ ನಿಮ್ಮ ಓದುಗ,
ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್, ಮಂಡ್ಯ ಜಿಲ್ಲೆ